ಮಗುವಿಗೆ ಈಗಲೇ ದೀಕ್ಷಾಸ್ನಾನವೋ, ದೊಡ್ಡವನಾದ ಮೇಲೋ?

ಬಳ್ಳಾರಿಯಲ್ಲಿ ಅಪ್ಪನ ಕಡೆಯವರು ಕ್ಯಾಥೋಲಿಕರು, ಅಮ್ಮನ ಕಡೆಯವರು ಪೆಂತೆಕೋಸ್ತಿನವರು ಅಂದರೆ ತೊಟ್ಟಿಲು ಕಟ್ಟುವ ಹೊತ್ತಿಗೇ ದೀಕ್ಷಾಸ್ನಾನದ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿಯ, ಈ ಮಾತು ಏಳುತ್ತದೆ.

ಕ್ಯಾಥೋಲಿಕ್ ಮತ್ತು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳು ಕೂಸಿಗೇ ಕೊಡುತ್ತವೆ. ಕ್ಯಾಥೋಲಿಕ್ ಗುಡಿಯಲ್ಲಿ ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ತಲೆಗೆ ಮೂರು ಸಲ ನೀರು ಹೊಯ್ಯುತ್ತಾರೆ. ನೆತ್ತಿಗೆ ಪರಿಮಳದ ಎಣ್ಣೆ ಹಚ್ಚುತ್ತಾರೆ, ಬಿಳಿ ಬಟ್ಟೆ ತೊಡಿಸುತ್ತಾರೆ, ಪಾಸ್ಖ ದೀಪದಿಂದ (ಈಸ್ಟರ್ ಹಬ್ಬದ ದೊಡ್ಡ ಮೇಣದ ದೀಪ) ಒಂದು ಮೇಣದಬತ್ತಿ ಹಚ್ಚಿ ಕೊಡುತ್ತಾರೆ. ಕೂಸು ಅಳುತ್ತಲೇ ಇರುತ್ತದೆ, ಅದು ಬೇರೆ ಮಾತು! ದೇವರ ಕೃಪೆ ಮೊದಲು, ನಮ್ಮ ತಿಳಿವಳಿಕೆ ಆಮೇಲೆ ಅನ್ನುವುದು ಇಲ್ಲಿನ ನಂಬಿಕೆ. ಹುಡುಗ ಬೆಳೆದ ಮೇಲೆ, ಆ ನಂಬಿಕೆಯನ್ನು ಗಟ್ಟಿಮಾಡುವ ದೃಢೀಕರಣ ಅನ್ನುವ ವಿಧಿಯಲ್ಲಿ ತಾನೇ ಹೂಂಗುಟ್ಟುತ್ತಾನೆ.

ಪೆಂತೆಕೋಸ್ತ್, ಬ್ಯಾಪ್ಟಿಸ್ಟ್, ಬ್ರದರನ್ ಸಭೆಗಳಲ್ಲಿ ನಂಬಿದವನೇ ಬಾಯಿಬಿಟ್ಟು ಒಪ್ಪಬೇಕು. ಹೊಳೆಯಲ್ಲೋ ತೊಟ್ಟಿಯಲ್ಲೋ ಪೂರ್ತಿ ಮುಳುಗಿಸುತ್ತಾರೆ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಹೇಳುವಂತೆ, ಕ್ರಿಸ್ತನ ಜೊತೆ ಹೂಣಲ್ಪಟ್ಟು ಹೊಸ ಬಾಳಿಗೆ ಏಳುವುದು ಇದರ ಅರ್ಥ. ಕೂಸನ್ನು ಸುಮ್ನೆ ಬಿಡುವುದಿಲ್ಲ, ಸಭೆಯ ಮುಂದೆ ದೇವರಿಗೆ ಒಪ್ಪಿಸಿ ಪ್ರಾರ್ಥಿಸುತ್ತಾರೆ.

ಒಂದು ವಿಷಯ ಮಾತ್ರ ಮೊದಲೇ ನೋಡಿ. ಕ್ಯಾಥೋಲಿಕರೂ ಸಿಎಸ್‌ಐನವರೂ ದೀಕ್ಷಾಸ್ನಾನವನ್ನು ಎರಡನೇ ಸಲ ಕೊಡುವುದಿಲ್ಲ. ಮುಳುಗಿಸುವ ಸಭೆಗಳಲ್ಲಿ ಬಹಳಷ್ಟು, ಕೂಸಿದ್ದಾಗ ಆದದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನನ್ನನ್ನು ಕೇಳಿದರೆ, ಪ್ರತಿ ಭಾನುವಾರ ಮಗುವನ್ನು ಎತ್ತಿಕೊಂಡು ಹೋಗುವುದು ಯಾವ ಸಭೆಗೆ ಅನ್ನುವುದನ್ನು ಮೊದಲು ತೀರ್ಮಾನಿಸಿ. ಅಜ್ಜಿಯರ ಜಗಳ ಬಿಡಿಸಲೆಂದು ತಾರೀಖು ಗೊತ್ತು ಮಾಡಬೇಡಿ.