ದೆಹಲಿಯ ಫೈಲ್ ಬೆಂಗಳೂರಲ್ಲಿ ಓದಲು: ರಿಮೋಟ್ ಮೌಂಟಾ, ಆರ್‌ಸಿಂಕಾ, ಎಎಫ್‌ಎಮ್ಮಾ?

ನಮ್ಮ ಮೂಲ ಡೇಟಾ ಇರುವುದು ದೆಹಲಿಯ ಕ್ಲಸ್ಟರ್‌ನಲ್ಲಿ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು), ಅದನ್ನು ಓದುವ ಜಾಬ್, ಅಂದರೆ ಪ್ರೋಗ್ರಾಂ, ಓಡುವುದು ಇಲ್ಲಿ ವೈಟ್‌ಫೀಲ್ಡ್‌ನಲ್ಲಿ. ಎರಡೂ ಕಡೆ ಜಿಪಿಎಫ್‌ಎಸ್, ಅಂದರೆ ಈಗಿನ ಐಬಿಎಂ ಸ್ಟೋರೇಜ್ ಸ್ಕೇಲ್: ಹಲವು ಸರ್ವರ್‌ಗಳು ಒಟ್ಟಿಗೆ ಬಳಸುವ ಫೈಲ್ ಸಿಸ್ಟಮ್. ಮೂರು ದಾರಿಯನ್ನೂ ಬಳಸಿ ನೋಡಿದ್ದೇವೆ.

ರಿಮೋಟ್ ಮೌಂಟ್ ಎಂದರೆ ದೆಹಲಿಯ ಫೈಲ್ ಸಿಸ್ಟಮ್ಮನ್ನೇ ಇಲ್ಲಿಂದ ನೇರವಾಗಿ ಬಳಸುವುದು. ಅಲ್ಲಿ ಬರೆದದ್ದು ಇಲ್ಲಿ ತಕ್ಷಣ ಕಾಣುತ್ತದೆ, ಲಾಕ್ (ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವುದು) ಕೂಡ ಎರಡೂ ಕಡೆ ಸರಿಯಾಗಿ ನಡೆಯುತ್ತದೆ. ತೊಂದರೆ ಇರುವುದು ದೂರದಲ್ಲಿ. ಬೆಂಗಳೂರಿಂದ ದೆಹಲಿಗೆ ನೇರ ಗೆರೆ ಎಳೆದರೂ ಸುಮಾರು 1,740 ಕಿ.ಮೀ., ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 200 ಕಿ.ಮೀ. ಹೋಗುತ್ತದೆ, ಹಾಗಾಗಿ ಒಂದು ಸಲ ಹೋಗಿಬರಲು ಏನಿಲ್ಲವೆಂದರೂ 17 ಮಿಲಿಸೆಕೆಂಡ್ ಬೇಕು. 10,000 ಚಿಕ್ಕ ಫೈಲ್‌ಗಳನ್ನು ಒಂದಾದ ಮೇಲೊಂದು ಕೇಳಿದರೆ ಮೂರು ನಿಮಿಷದ ಹತ್ತಿರ ಬರೀ ಕಾಯುವುದೇ ಆಯಿತು, ಅಲ್ವಾ? ಬ್ಯಾಂಡ್‌ವಿಡ್ತ್ ಜಾಸ್ತಿ ಮಾಡಿದರೆ ಇದು ಇಳಿಯುವುದಿಲ್ಲ.

ಆರ್‌ಸಿಂಕ್, ಅಂದರೆ ಫೈಲ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವ ಟೂಲ್, ರಾತ್ರಿ ಒಂದು ಸಲ ಓಡಿಸಲು ಚೆನ್ನ. ಆದರೆ ಯಾರೂ ತೆರೆಯದ ಫೈಲ್ ಕೂಡ ಇಲ್ಲಿ ಬಂದು ಕೂರುತ್ತದೆ, ಬದಲಾದದ್ದು ನಾಲ್ಕೇ ಫೈಲ್ ಇದ್ದರೂ ಇಡೀ ಡೈರೆಕ್ಟರಿ ಮರವನ್ನು ಸುತ್ತಿ ಬರಬೇಕು.

ನನ್ನ ಮತ ಎಎಫ್‌ಎಂ ಕಡೆ. ಆಕ್ಟಿವ್ ಫೈಲ್ ಮ್ಯಾನೇಜ್‌ಮೆಂಟ್ ಎಂಬ ಇದು ಜಿಪಿಎಫ್‌ಎಸ್ 3.5ರಲ್ಲಿ ಬಂದದ್ದು. ಫೈಲ್ ಮೊದಲ ಸಲ ಓದಿದಾಗ ದೆಹಲಿಯಿಂದ ಬರುತ್ತದೆ, ಆಮೇಲೆ ಇಲ್ಲಿನ ಡಿಸ್ಕಿನಲ್ಲಿ ಉಳಿದ ಪ್ರತಿಯಿಂದಲೇ, ಅಂದರೆ ಕ್ಯಾಶ್‌ನಿಂದಲೇ. ಫೈಲ್ ತೆರೆದಾಗ ಮೂಲದಲ್ಲಿ ಬದಲಾಗಿದೆಯೇ ಎಂದು ಕೇಳುತ್ತದೆ, ಆದರೆ ಡೀಫಾಲ್ಟ್‌ನಲ್ಲಿ 30 ಸೆಕೆಂಡಿಗೊಮ್ಮೆ ಮಾತ್ರ. ಮೂಲ ಅಪರೂಪಕ್ಕೆ ಬದಲಾಗುವುದಾದರೆ ಈ ಸಮಯವನ್ನು ಧೈರ್ಯವಾಗಿ ಹೆಚ್ಚಿಸಿ, ಬಹಳ ವ್ಯತ್ಯಾಸ ಕಾಣುತ್ತದೆ. ಬೆಳಗ್ಗೆ ಬೇಕಾಗುವ ಫೈಲ್‌ಗಳ ಪಟ್ಟಿ ಕೊಟ್ಟು ರಾತ್ರಿಯೇ ಪ್ರಿಫೆಚ್ ಮಾಡಿಸಬಹುದು, ಅಂದರೆ ಮೊದಲೇ ತರಿಸಿಡಬಹುದು. ರಸ್ತೆ ಅಗೆಯುವವರು ಫೈಬರ್ ಕತ್ತರಿಸಿದ ದಿನವೂ ಕ್ಯಾಶ್‌ನಲ್ಲಿದ್ದ ಫೈಲ್‌ಗಳು ತೆರೆದವು. ಈ ಕ್ಯಾಶನ್ನು ದೆಹಲಿಗೆ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಪ್ರೋಟೋಕಾಲ್) ಮೂಲಕ ಜೋಡಿಸಿದ್ದೆವು.

ಬರೆಯುವ ವಿಷಯದಲ್ಲಿ ಹುಷಾರು. ಸಿಂಗಲ್ ರೈಟರ್ ಮೋಡ್‌ನಲ್ಲಿ ಇಲ್ಲಿ ಬರೆದದ್ದು ಗೇಟ್‌ವೇ ನೋಡ್‌ನ (ಮೂಲದೊಂದಿಗೆ ವ್ಯವಹರಿಸುವ ಸರ್ವರ್) ಸಾಲಿನಲ್ಲಿ ನಿಂತು ನಿಧಾನವಾಗಿ ಮೂಲಕ್ಕೆ ಹೋಗುತ್ತದೆ, ಜಾಬ್ ಕಾಯಬೇಕಿಲ್ಲ. ಆದರೆ ದೆಹಲಿಯಲ್ಲಿ ಯಾರೂ ಅದೇ ಜಾಗಕ್ಕೆ ಬರೆಯದಂತೆ ಎಎಫ್‌ಎಂ ತಡೆಯುವುದಿಲ್ಲ, ನೀವೇ ಪರ್ಮಿಷನ್ ಬಿಗಿ ಮಾಡಬೇಕು. ಇಂಡಿಪೆಂಡೆಂಟ್ ರೈಟರ್ ಮೋಡ್‌ನಲ್ಲಿ ಹಲವು ಕಡೆಯಿಂದ ಬರೆಯಬಹುದು, ಆದರೆ ಕ್ಯಾಶ್‌ಗಳ ನಡುವೆ ಲಾಕ್ ಇಲ್ಲ. ಒಂದೇ ಫೈಲನ್ನು ಇಬ್ಬರು ತಿದ್ದಿದರೆ ಕೊನೆಗೆ ತಲುಪಿದ್ದೇ ಉಳಿಯುತ್ತದೆ.

ಈಗ ನಮ್ಮಲ್ಲಿ ಮೂಲ ಡೇಟಾ ರೀಡ್ ಓನ್ಲಿ ಕ್ಯಾಶ್‌ನಲ್ಲಿದೆ, ಫಲಿತಾಂಶಗಳು ಸಿಂಗಲ್ ರೈಟರ್‌ನಲ್ಲಿ. ಎರಡೂ ಊರಿನವರು ತಿದ್ದುವ ಒಂದು ಚಿಕ್ಕ ಫೈಲ್ ಸಿಸ್ಟಮ್ ಮಾತ್ರ ರಿಮೋಟ್ ಮೌಂಟ್‌ನಲ್ಲೇ ಉಳಿದಿದೆ.