ಶ್ರಿಂಪ್ ಟ್ಯಾಂಕಿಗೆ ಅಂಗಡಿ ಗಿಡ ಹಾಕೋ ಮುಂಚೆ ದಯವಿಟ್ಟು ಇದನ್ನ ಓದಿ

ಚೆರ್ರಿ ಶ್ರಿಂಪ್ (ಅಕ್ವೇರಿಯಂಲಿ ಸಾಕೋ ಪುಟಾಣಿ ಕೆಂಪು ಸಿಗಡಿ) ಸಾಕ್ತಿರೋರು, ಸಾಕ್ಬೇಕು ಅಂತ ಈಗಷ್ಟೇ ಟ್ಯಾಂಕ್ ರೆಡಿ ಮಾಡ್ಕೋತಿರೋರು, ಇಬ್ರಿಗೂ ಹೇಳ್ತಿದೀನಿ, ಅಂಗಡಿಯವನು ಎಷ್ಟೇ ಗ್ಯಾರಂಟಿಯಾಗಿ ಹೇಳಿದ್ರೂ ಹೊಸ ಗಿಡನ ತಂದ ದಿನವೇ ಟ್ಯಾಂಕಿಗೆ ಇಳಿಸ್ಬೇಡಿ. "ಶ್ರಿಂಪ್ ಸೇಫ್" ಅಂತ ಹೇಳಿ ಕೊಟ್ಟ ಮೂರು ಕುಂಡ ಗಿಡದಿಂದ ನಮ್ಮನೆ ಟ್ಯಾಂಕಲ್ಲಿ ಮರಿಗಳ ಸಮೇತ ಹೆಚ್ಚೂಕಮ್ಮಿ ಎಲ್ಲಾ ಹೋದ್ವು. ಬೇರೆಯವರಿಗೆ ಹಿಂಗಾಗ್ಬಾರ್ದು, ಅದಕ್ಕೇ ಇಷ್ಟುದ್ದ ಬರೀತಿದೀನಿ.

"ನೀರು ಸೈಕಲ್ ಆಗಿರಲ್ಲ ಬಿಡಿ" (ಅಂದ್ರೆ ಗಲೀಜು ಕರಗ್ಸೋ ಬ್ಯಾಕ್ಟೀರಿಯಾ ಬೆಳೆದು ನೀರು ಹದಕ್ಕೆ ಬಂದಿರಲ್ಲ) ಅನ್ನೋರು ಇರ್ತಾರೆ, ಅದಕ್ಕೆ ಮೊದ್ಲು ಟ್ಯಾಂಕ್ ಹೆಂಗಿತ್ತು ಅಂತ ಹೇಳ್ಬಿಡ್ತೀನಿ. ಎರಡಡಿ ಟ್ಯಾಂಕು, ಏರ್ ಪಂಪಲ್ಲಿ ಓಡೋ ಸ್ಪಾಂಜ್ ಫಿಲ್ಟರ್ (ಶ್ರಿಂಪ್ ಮರಿ ಒಳಗೆ ಎಳ್ಕೊಂಡು ಹೋಗಲ್ಲ, ಇದಕ್ಕಿಂತ ಒಳ್ಳೇದು ಬೇರೆ ಇಲ್ಲ), ಕಾವೇರಿ ನೀರು, ಕ್ಲೋರಿನ್ ಹೋಗ್ಸೋ ಔಷಧಿ ಹಾಕಿಯೇ ಬಳಸೋದು. ಶುರುವಲ್ಲಿ ಒಂದು ತಿಂಗ್ಳಿಗೂ ಜಾಸ್ತಿ ಒಂದು ಜೀವಾನೂ ಬಿಡ್ದೆ ಓಡ್ಸಿದೀನಿ, ಅಮೋನಿಯಾ ಸೊನ್ನೆ ನೈಟ್ರೈಟ್ ಸೊನ್ನೆ ಬರೋವರ್ಗೂ. ಟಿಡಿಎಸ್ (ನೀರಲ್ಲಿ ಕರಗಿರೋ ಲವಣ) 200ರ ಆಸುಪಾಸು, ಜಿಎಚ್ (ನೀರಿನ ಗಡಸುತನ) 7, ಬೆಂಗಳೂರಿನ ಹವಾಕ್ಕೆ ಹೀಟರ್ ಬೇಕಾಗೇ ಇಲ್ಲ. ಒಣಗಿದ ಬಾದಾಮಿ ಎಲೆ ಎರಡು ತಳದಲ್ಲಿ, ಅದನ್ನ ಅವು ಜಾಲರಿ ಆಗೋವರ್ಗೂ ಕೆರ್ಕೊಂಡು ತಿಂತಿದ್ವು. ಹೆಣ್ಣುಗಳು ಹೊಟ್ಟೆ ಕೆಳಗೆ ಮೊಟ್ಟೆ ಇಟ್ಕೊಂಡು ಕಾಲಲ್ಲಿ ಸದಾ ಬೀಸ್ತಾ ಇರ್ತಾವಲ್ಲ ಅದನ್ನ ನೋಡಿದ್ರೇನೇ ಗೊತ್ತಾಗುತ್ತೆ ಇವಕ್ಕೆ ನೀರು ಒಗ್ಗಿದೆ ಅಂತ, ಚೆರ್ರಿಗಳಲ್ಲಿ ಬೇರೆ ಲಾರ್ವಾ ಅವಸ್ಥೆ ಏನಿಲ್ಲ, ಮೊಟ್ಟೆಯಿಂದ ನೇರವಾಗಿ ಪುಟಾಣಿ ಶ್ರಿಂಪೇ ಹೊರಗೆ ಬರೋದು, ಎಳ್ಳುಕಾಳಷ್ಟು ಗಾತ್ರದ್ದು. ಎರಡು ಮೂರು ತಲೆಮಾರು ಹಿಂಗೇ ಆಗಿತ್ತು. ಅಂದ್ರೆ ಟ್ಯಾಂಕಲ್ಲಿ ಏನೂ ಐಬಿರ್ಲಿಲ್ಲ.

ಆಮೇಲೆ ಅನುಬಿಯಾಸ್ ಗಿಡ ಎರಡು, ಕ್ರಿಪ್ಟೋ (ಕ್ರಿಪ್ಟೊಕೊರಿನ್) ಗಿಡ ಒಂದು ತಂದೆ. ಅಂಗಡಿ ಹೆಸ್ರು ಹಾಕಲ್ಲ. ತಗೊಳೋವಾಗ ಬಾಯ್ಬಿಟ್ಟು ಕೇಳಿದೀನಿ, "ಶ್ರಿಂಪ್ ಟ್ಯಾಂಕಿಗೆ ಹಾಕೋದು, ಔಷಧಿ ಏನಾದ್ರೂ ಹೊಡೆದಿದಾರಾ?" ಅಂತ. "ಏನೂ ಇಲ್ಲ ಸಾರ್, ಫುಲ್ ಸೇಫು, ಎಲ್ರೂ ಇದನ್ನೇ ತಗೊಂಡೋಗೋದು" ಅಂದ. ಮನೆಗೆ ಬಂದು ಬುಡದ ರಾಕ್‌ವೂಲ್ (ಬೇರಿಗೆ ಸುತ್ತಿರೋ ಹತ್ತಿ ಥರದ್ದು) ಎಲ್ಲಾ ಬಿಡ್ಸಿ, ನಲ್ಲಿ ಕೆಳಗೆ ಚೆನ್ನಾಗಿ ತೊಳ್ದು ಹಾಕಿದ್ದು. ಎಲೆ ಎಷ್ಟು ಚೆಂದ ಇದ್ವು ಅಂದ್ರೆ ಒಂದು ತೂತಿಲ್ಲ, ಒಂದು ಬಸವನಹುಳ ಇಲ್ಲ, ಒಂದು ಮೊಟ್ಟೆ ಅಂಟಿಲ್ಲ. ಈಗ ಅಂಥ ಎಲೆ ನೋಡಿದ್ರೇನೇ ನಂಗೆ ಅನುಮಾನ ಬರುತ್ತೆ.

ಮಾರನೇ ದಿನ ರಾತ್ರಿ ಊಟಕ್ಕೆ ಕೂತಾಗ ಮಗಳು ಕರೆದ್ಲು, "ಅಪ್ಪಾ, ಎಲ್ಲಾ ಮೇಲ್ಗಡೆ ಓಡಾಡ್ತಿದಾವೆ ನೋಡು" ಅಂತ. ಹೋಗಿ ನೋಡಿದ್ರೆ, ಸದಾ ತಳದಲ್ಲಿ ಮೇಯ್ಕೊಂಡಿರೋವು ಹುಚ್ಚು ಹಿಡಿದಂಗೆ ಗಾಜಿನ ಉದ್ದಕ್ಕೂ ಸುತ್ತು ಹೊಡೀತಿದ್ವು. ಗಂಡುಗಳು ಹೆಣ್ಣು ಹುಡ್ಕೊಂಡು ಹಿಂಗೆ ಓಡಾಡೋದುಂಟು, ಆದ್ರೆ ಇದು ಅದಲ್ಲ, ಮೊಟ್ಟೆ ಇರೋ ಹೆಣ್ಣುಗಳೂ ಓಡ್ತಿದ್ವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮಗ್ಗುಲಾಗಿ ಬಿದ್ವು, ಅಂಗಾತ ಬಿದ್ದು ಕಾಲು ಮಾತ್ರ ಪಟಪಟ ಅಂತ ಅಲ್ಲಾಡೋದು, ಮತ್ತೆ ಜಿಗಿಯೋದು, ಮತ್ತೆ ಬೀಳೋದು. ಒಂದು ಹೆಣ್ಣಂತೂ ಹೊಟ್ಟೇಲಿದ್ದ ಮೊಟ್ಟೆ ಪೂರ್ತಿ ಉದುರಿಸ್ಬಿಡ್ತು, ಹಳದಿ ಮೊಟ್ಟೆ ಮರಳ ಮೇಲೆ ಚೆಲ್ಲಿತ್ತು, ಅದರ ಪಕ್ಕದಲ್ಲೇ ಅದು ಒದ್ದಾಡ್ತಿತ್ತು. ಅದನ್ನ ಮರೆಯೋಕೆ ಆಗ್ತಿಲ್ಲ.

ಇಲ್ಲಿ ಒಂದು ವಿಷಯ ಗಮನ ಇಟ್ಟು ಓದಿ, ಯಾಕಂದ್ರೆ ನಿಮ್ಮನೇಲಿ ಆದಾಗ ಕಾರಣ ಹಿಡಿಯೋಕೆ ಇದೇ ದಾರಿ. ತಕ್ಷಣ ಟೆಸ್ಟ್ ಮಾಡಿದೆ, ಅಮೋನಿಯಾ ಇಲ್ಲ ನೈಟ್ರೈಟ್ ಇಲ್ಲ. ಅದೇ ಟ್ಯಾಂಕಲ್ಲಿದ್ದ ಗಪ್ಪಿ ಆರಾಮಾಗಿ ಈಜ್ತಿದ್ವು. ಬಸವನಹುಳಗಳೂ ಗಾಜಿಗೆ ಅಂಟ್ಕೊಂಡು ಅವುಗಳ ಪಾಡಿಗೆ ಓಡಾಡ್ಕೊಂಡಿದ್ವು. ತಾಮ್ರ ಏನಾದ್ರೂ ನೀರಿಗೆ ಸೇರಿದ್ರೆ ಶ್ರಿಂಪ್ ಜೊತೆ ಬಸವನಹುಳನೂ ಸಾಯುತ್ತೆ, ಅಮೋನಿಯಾ ಆಗಿದ್ರೆ ಮೀನೂ ಮೇಲೆ ಬಂದು ಬಾಯಿ ಬಿಡೋದು. ಮೀನು ಚೆನ್ನಾಗಿದೆ, ಬಸವನಹುಳ ಚೆನ್ನಾಗಿದೆ, ಶ್ರಿಂಪ್ ಮಾತ್ರ ನರ ಎಳ್ದಂಗೆ ಒದ್ದಾಡಿ ಸಾಯ್ತಿದೆ ಅಂದ್ರೆ ಮೊದ್ಲು ಅನುಮಾನ ಪಡ್ಬೇಕಾಗಿದ್ದು ಕೀಟನಾಶಕದ ಮೇಲೆ. ಯಾಕೆ ಅಂದ್ರೆ ಶ್ರಿಂಪು ಕೀಟಗಳಿಗೆ ಹತ್ತಿರದ ಸಂಬಂಧಿ, ಎರಡೂ ಸಂಧಿಪದಿಗಳೇ, ಕೀಟದ ನರಕ್ಕೆ ಹೊಡೆಯೋ ವಿಷ ಇದರ ನರಕ್ಕೂ ಹೊಡೆಯುತ್ತೆ. ಪೈರೆಥ್ರಾಯ್ಡ್ ಜಾತಿಯ ಔಷಧಿಗಳಂತೂ ನೂರು ಕೋಟಿ ಪಾಲಲ್ಲಿ ಒಂದು ಪಾಲಿಗಿಂತ ಕಮ್ಮಿ ಇದ್ರೂ ಇಂಥ ಜೀವಿಗಳಿಗೆ ಸಾಕು. ನಮ್ಮ ಯಾವ ಟೆಸ್ಟ್ ಕಿಟ್ಟಲ್ಲೂ ಅದು ಕಾಣಲ್ಲ.

ಅಂಗಡಿಗೆ ವಿಡಿಯೋ ತಗೊಂಡು ಹೋದೆ. "ನಿಮ್ ನೀರು ಸರಿ ಇಲ್ಲ ಸಾರ್, ಬೋರ್ ನೀರು ಹಾಕಿರ್ತೀರ" ಅಂತ ಶುರು ಮಾಡಿ, ಕೊನೆಗೆ "ಜೀವ ಇರೋದಕ್ಕೆಲ್ಲ ಗ್ಯಾರಂಟಿ ಕೊಡಕ್ಕಾಗಲ್ಲ" ಅಂದ. ಜೀವಕ್ಕೆ ಗ್ಯಾರಂಟಿ ನಾನು ಕೇಳೇ ಇಲ್ವಲ್ಲ, ಗಿಡಕ್ಕೆ ಔಷಧಿ ಹೊಡೆದಿದಾರಾ ಅಂತ ಮಾತ್ರ ಕೇಳಿದ್ದು! ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೋದಿತ್ತು. ಆ ಒಂದು ಮಾತು ಹೇಳಿದ್ರೆ ಅಷ್ಟೂ ಜೀವ ಉಳೀತಿತ್ತು.

ನಂಗೆ ಖಾತ್ರಿ ಆಗ್ಬೇಕಿತ್ತು. ಫೈಟರ್ ಮೀನಿನ ಮರಿಗಳಿಗೆ ಹಾಕೋಕೆ ಮೊಯಿನಾ (ನೀರಲ್ಲಿ ಚುಕ್ಕಿ ಥರ ಕುಣಿಯೋ ಪುಟಾಣಿ ಜೀವಿ, ಶ್ರಿಂಪಿನ ಬಳಗದ್ದೇ) ಬೆಳೆಸೋ ಸ್ನೇಹಿತರೊಬ್ರ ಹತ್ರ ಒಂದು ಬಾಟ್ಲು ಮೊಯಿನಾ ಇಸ್ಕೊಂಡ್ ಬಂದೆ. ಎರಡು ಬಕೆಟಲ್ಲಿ ಒಂದೇ ನೀರು, ಒಂದರಲ್ಲಿ ಟ್ಯಾಂಕಿಂದ ಕಿತ್ತ ಗಿಡ ನೆನೆ ಹಾಕಿ ರಾತ್ರಿಯೆಲ್ಲಾ ಬಿಟ್ಟು ಬೆಳಿಗ್ಗೆ ಎರಡಕ್ಕೂ ಮೊಯಿನಾ ಬಿಟ್ಟೆ. ಸಂಜೆ ಟಾರ್ಚ್ ಹಿಡಿದು ನೋಡಿದ್ರೆ ಬರೀ ನೀರಿರೋ ಬಕೆಟಲ್ಲಿ ಕುಣೀತಿದ್ವು, ಗಿಡ ಇರೋ ಬಕೆಟಲ್ಲಿ ತಳದಲ್ಲಿ ಬಿಳಿ ಪುಡಿ ಉದುರಿದ ಹಾಗೆ ಬಿದ್ದಿತ್ತು, ಅಲುಗಾಟ ಇಲ್ಲ. ಯಾವ ಔಷಧಿ ಅಂತ ಲ್ಯಾಬ್ ರಿಪೋರ್ಟ್ ನನ್ನ ಹತ್ರ ಇಲ್ಲ, ಆದ್ರೆ ಗಿಡದಿಂದಾನೇ ಅನ್ನೋದಕ್ಕೆ ನಂಗೆ ಇಷ್ಟು ಸಾಕು.

ಇದು ಯಾಕೆ ಆಗುತ್ತೆ ಅಂದ್ರೆ, ಅಂಗಡೀಲಿ ಸಿಗೋ ಅನುಬಿಯಾಸ್, ಕ್ರಿಪ್ಟೋ, ಸ್ವೋರ್ಡ್ ಇಂಥವನ್ನ ಹೆಚ್ಚಿನ ನರ್ಸರಿಗಳು ನೀರೊಳಗೆ ಬೆಳೆಸೋದೇ ಇಲ್ಲ, ಎಲೆ ಗಾಳಿಗೆ ಬಿಟ್ಟು ಬುಡ ಮಾತ್ರ ಒದ್ದೆ ಇಟ್ಟು ಶೆಡ್ಡಲ್ಲಿ ಬೆಳೆಸ್ತಾರೆ. ಬೇರೆ ಗಿಡಕ್ಕೆ ಬರೋ ಹೇನು, ಥ್ರಿಪ್ಸ್ ಇದಕ್ಕೂ ಬರುತ್ತೆ, ಔಷಧಿ ಹೊಡೀತಾರೆ. ಹೊರದೇಶದಿಂದ ತರ್ಸೋ ಗಿಡಕ್ಕೆ ಹುಳ ಇಲ್ಲ ಅಂತ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು, ಅದಕ್ಕೂ ಹೊಡೀತಾರೆ. ಮೀನು ಅಷ್ಟು ಕಮ್ಮಿ ಪ್ರಮಾಣನ ತಡ್ಕೊಳುತ್ತೆ, ಹಾಗಾಗಿ ಮೀನಿನವರಿಂದ ಕಂಪ್ಲೇಂಟೇ ಬರಲ್ಲ, ಅಂಗಡಿಯವರು ತಲೆ ಕೆಡಿಸ್ಕೊಳಲ್ಲ. ಇನ್ನು ಕೆಲವು ಔಷಧಿ ಎಲೆ ಮೇಲೆ ಕೂರೋದಲ್ಲ, ಗಿಡದ ರಸಕ್ಕೇ ಸೇರ್ಕೊಳುತ್ತೆ, ಇಮಿಡಾಕ್ಲೋಪ್ರಿಡ್ ಅಂಥದ್ದು. ಅದನ್ನ ನಲ್ಲಿ ಕೆಳಗೆ ತೊಳೆದ್ರೆ ಹೋಗಲ್ಲ, ಪೊಟ್ಯಾಷಿಯಂ ಪರ್ಮಾಂಗನೇಟಲ್ಲಿ ಅದ್ದಿದ್ರೂ ಹೋಗಲ್ಲ, ಅದು ಪಾಚಿ, ಹುಳ ಹೋಗ್ಸೋಕೆ ಮಾಡೋ ಕೆಲಸ. ನಿಧಾನಕ್ಕೆ ನೀರಿಗೆ ಬಿಡ್ತಾ ಇರುತ್ತೆ, ಶ್ರಿಂಪ್ ಬಂದು ಅದೇ ಎಲೆ ಕೆರೀತಾ ಕೂರುತ್ತೆ.

ಈಗ ನಾನು ಟಿಶ್ಯೂ ಕಲ್ಚರ್ ಕಪ್ಪಲ್ಲಿ ಬರೋ ಗಿಡ ಬಿಟ್ರೆ ಬೇರೆ ತಗೊಳಲ್ಲ. ಅದು ಲ್ಯಾಬಲ್ಲಿ ಮುಚ್ಚಿದ ಕಪ್ಪಲ್ಲೇ ಬೆಳೆದಿರೋದು, ಔಷಧಿ ಹೊಡೆಯೋ ಪ್ರಶ್ನೇನೇ ಇಲ್ಲ, ಬುಡದಲ್ಲಿರೋ ಜೆಲ್ ತೊಳೆದ್ರೆ ಮುಗೀತು. ರೇಟ್ ಜಾಸ್ತಿ, ಆಗ್ಲಿ. ಇಲ್ಲಾಂದ್ರೆ ಶ್ರಿಂಪ್ ಸಾಕ್ತಿರೋರ ಟ್ಯಾಂಕಿಂದಾನೇ ಒಂದು ಹಿಡಿ ಜಾವಾ ಮಾಸ್ (ನೀರಲ್ಲಿ ಬೆಳೆಯೋ ಹಾವಸೆ) ಇಸ್ಕೊಳಿ, ಅವರ ಶ್ರಿಂಪ್ ಅದರ ಮೇಲೇ ಬದುಕಿದೆ ಅಂದ್ಮೇಲೆ ಅದಕ್ಕಿಂತ ಟೆಸ್ಟ್ ಇನ್ನೇನು ಬೇಕು. ಕುಂಡದ ಗಿಡಾನೇ ಬೇಕು ಅಂದ್ರೆ ರಾಕ್‌ವೂಲ್ ಪೂರ್ತಿ ತೆಗೆದು, ಬೇರೆ ಬಕೆಟಲ್ಲಿ ಬೆಳಕು ಬೀಳೋ ಕಡೆ ಕಮ್ಮಿ ಅಂದ್ರೂ ಎರಡು ಮೂರು ವಾರ ಇಟ್ಟು ದಿನಾ ನೀರು ಬದಲಾಯಿಸಿ, ಕೊನೆಗೆ ಮೊಯಿನಾ ಬಿಟ್ಟು ನೋಡಿ. ಅವು ಬದುಕಿದ್ರೆ ಆಮೇಲೆ ಯೋಚ್ನೆ ಮಾಡಿ.

ಗಿಡ ಒಂದೇ ಅಲ್ಲ. ಏರ್ ಪಂಪ್ ರೂಮಿನ ಗಾಳೀನ ಎಳೆದು ನೀರೊಳಗೆ ಬಿಡುತ್ತೆ, ಅದೇ ರೂಮಲ್ಲಿ ಸೊಳ್ಳೆ ಲಿಕ್ವಿಡ್ ಮಿಷನ್, ಕಾಯಿಲ್, ಜಿರಳೆ ಸ್ಪ್ರೇ ಯಾವ್ದೂ ಬೇಡ, ಅವುಗಳಲ್ಲೂ ಇದೇ ಪೈರೆಥ್ರಾಯ್ಡ್ ಇರೋದು. ರಸ್ತೇಲಿ ಫಾಗಿಂಗ್ ಗಾಡಿ ಬಂದ್ರೆ ಕಿಟಕಿ ಮುಚ್ಚಿ, ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಕಿ, ಪಂಪ್ ಸ್ವಲ್ಪ ಹೊತ್ತು ಆಫ್ ಮಾಡಿ. ಇರುವೆ ಚಾಕ್ ಪೀಸ್ ಟ್ಯಾಂಕ್ ಸ್ಟ್ಯಾಂಡಿಗೆ ಗೀಚೋದು ಬೇಡವೇ ಬೇಡ, ಗೀಚಿದ ಕೈಯನ್ನ ನೀರಿಗೆ ಅದ್ದೋದಂತೂ ಬೇಡ್ವೇ ಬೇಡ. ಮೀನಿಗೆ ಬಿಳಿ ಚುಕ್ಕಿ ಬಂದಾಗ ಹಾಕೋ ಔಷಧಿ, ಬಸವನಹುಳ ಸಾಯ್ಸೋ ಔಷಧಿ ಸುಮಾರಲ್ಲಿ ತಾಮ್ರ ಇರುತ್ತೆ, ಲೇಬಲ್ ಓದ್ದೆ ಹಾಕ್ಬೇಡಿ.

ಇದನ್ನ ಓದೋ ಹೊತ್ತಿಗೇ ನಿಮ್ಮ ಟ್ಯಾಂಕಲ್ಲಿ ಶ್ರಿಂಪ್ ಒದ್ದಾಡ್ತಿದ್ರೆ ನೀರು ಬದಲಾಯಿಸ್ತಾ ಕೂರ್ಬೇಡಿ, ಮೊದ್ಲು ಅವನ್ನ ಅಲ್ಲಿಂದ ಎತ್ತಿ. ಬೇರೆ ಹಳೇ ಟ್ಯಾಂಕ್ ಇದ್ರೆ ಅದಕ್ಕೆ, ಇಲ್ದಿದ್ರೆ ಕ್ಲೋರಿನ್ ತೆಗೆದ, ಆದಷ್ಟೂ ಅದೇ ಟಿಡಿಎಸ್ ಇರೋ ನೀರಿನ ಬಕೆಟ್ಟಿಗೆ, ಒಳಗೊಂದು ಏರ್ ಸ್ಟೋನ್ ಬಿಟ್ಟು. ನಂದು ಉಳಿದಿದ್ದು ಹಂಗೇ ಗಪ್ಪಿ ಮರಿಗಳ ಸಣ್ಣ ಟ್ಯಾಂಕಿಗೆ ಎತ್ತಿ ಹಾಕಿದ ಬೆರಳೆಣಿಕೆಯಷ್ಟು ಮಾತ್ರ. ಬಿದ್ದು ಕಾಲು ಅಲ್ಲಾಡಿಸ್ತಿರೋದನ್ನೂ ಎತ್ತಿ, ಸತ್ತಿದೆ ಅಂತ ಬಿಡ್ಬೇಡಿ, ಅಂಥದ್ದೂ ಒಂದೆರಡು ಬೆಳಿಗ್ಗೆ ಹೊತ್ತಿಗೆ ಎದ್ದು ನಿಂತಿದ್ವು. ಆಮೇಲೆ ಗಿಡ ಕಿತ್ತಾಕಿ, ಫಿಲ್ಟರ್ ಹತ್ರ ಆಕ್ಟಿವೇಟೆಡ್ ಕಾರ್ಬನ್ (ವಿಷ ಹೀರ್ಕೊಳೋ ಇದ್ದಿಲು) ಚೀಲ ಇಡಿ, ದಿನ ಬಿಟ್ಟು ದಿನ ಅರ್ಧರ್ಧ ನೀರು ತೆಗೀರಿ, ಕಾರ್ಬನ್ ವಾರಕ್ಕೊಂದ್ಸಲ ಹೊಸದು ಹಾಕಿ. ಆ ಟ್ಯಾಂಕಿಗೆ ಮತ್ತೆ ಶ್ರಿಂಪ್ ಬಿಡೋ ಮುಂಚೆ ಅದರ ನೀರನ್ನ ಬಕೆಟಲ್ಲಿ ತಗೊಂಡು ಅದಕ್ಕೂ ಮೊಯಿನಾ ಬಿಟ್ಟು ಎರಡು ದಿನ ನೋಡಿ, ನಮ್ಮದರಲ್ಲಿ ಮೊದಲ್ನೇ ಸಲ ಬಿಟ್ಟಾಗ ಅವೂ ಸತ್ತಿದ್ವು, ಇನ್ನೂ ನೀರು ಬದಲಾಯಿಸ್ತಾನೇ ಇದೀನಿ.