4600 ಅಂತ ಬರೆದ ಸೆಲ್ಲು, 2000 ಅಂತ ಬರೆದ ಸೆಲ್ಲು

ಮೊದಲೇ ಹೇಳಿಬಿಡುತ್ತೇನೆ, ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್‌ಗಳಲ್ಲಿ ನನ್ನ ಓಟು ಎನೆಲೂಪ್ ಅನ್ನುವ ಬ್ರ್ಯಾಂಡಿನ ಬಿಳಿ ಸೆಲ್‌ಗೆ. ಆದರೆ ನಾನು ಮೊದಲು ಕೊಂಡದ್ದು ಅದನ್ನಲ್ಲ. ಆನ್‌ಲೈನ್ ಸೇಲ್‌ನಲ್ಲಿ ಸಿಕ್ಕ ನಾಲ್ಕು ಹಸಿರು ಎಎ (ಗಡಿಯಾರಕ್ಕೆ ಹಾಕುವ ಅಳತೆಯ) ಸೆಲ್‌ಗಳನ್ನು. ಮೈಮೇಲೆ ದಪ್ಪಕ್ಷರದಲ್ಲಿ 4600 ಎಂಎಎಚ್, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ. ಬೆಲೆ 349 ರೂಪಾಯಿ. ಎನೆಲೂಪ್ ನಾಲ್ಕಕ್ಕೆ ಸಾವಿರದ ಮೇಲೆ, ಅದೂ ಬರೀ 2000 ಎಂಎಎಚ್‌ಗೆ. ಆಸೆ ಆಗದೆ ಇರುತ್ತದಾ?

ಅಮ್ಮನ ಬಿಪಿ ಮಿಷನ್‌ಗೆ ಹಸಿರು ಸೆಲ್ ನಾಲ್ಕೂ ಹಾಕಿದೆ. ಎರಡನೇ ವಾರ ಒಂದು ಬೆಳಿಗ್ಗೆ ತೋಳಿನ ಪಟ್ಟಿ ಅರ್ಧ ಉಬ್ಬಿತು, ಪಂಪು ಗೊರ್ ಅಂತ ಸದ್ದು ಮಾಡಿ ನಿಂತೇ ಹೋಯಿತು. "ಮಿಷನ್ನೇ ಕೆಟ್ಟೋಯ್ತು ಕಣೋ" ಅಂದರು ಅಮ್ಮ. ಅಂಗಡಿಯಿಂದ ಚಾರ್ಜ್ ಮಾಡಲಾಗದ ಸಾದಾ ಸೆಲ್ ತಂದು ಹಾಕಿದರೆ ಏನೂ ಆಗದವರಂತೆ ಓಡಿತು.

ಅಡುಗೆಮನೆ ತಕ್ಕಡಿಯಲ್ಲಿ ಹಸಿರು ಸೆಲ್ ಇಟ್ಟೆ. 17 ಗ್ರಾಂ. ಆಮೇಲೆ ತರಿಸಿದ ಎನೆಲೂಪ್ 26. ಒಳಗೆ ಸರಕೇ ಇಲ್ಲದಿದ್ದರೆ ಚಾರ್ಜ್ ಎಲ್ಲಿ ನಿಲ್ಲಬೇಕು? ಈ ಅಳತೆಯ ನಿಕ್ಕಲ್ ಸೆಲ್‌ನಲ್ಲಿ (ಹಸಿರು, ಬಿಳಿ ಎರಡೂ ಇದೇ ಜಾತಿ) 2700, 2800 ಬಂದರೇ ಹೆಚ್ಚು. 4600 ಬರೀ ಅಂಟಿಸಿದ ನಂಬರು.

ಆದರೂ ಅಳೆದೇ ನೋಡೋಣ ಅಂತ ಕೆಪಾಸಿಟಿ ಟೆಸ್ಟ್ ಇರುವ ಚಾರ್ಜರ್ ಕೊಂಡೆ. ಅದು ಸೆಲ್ಲನ್ನು ಪೂರ್ತಿ ತುಂಬಿಸಿ, 500 ಮಿಲಿಯಾಂಪ್‌ನಂತೆ 0.9 ವೋಲ್ಟ್‌ವರೆಗೆ ಖಾಲಿ ಮಾಡಿ, ಮತ್ತೆ ತುಂಬಿಸುತ್ತದೆ. ಖಾಲಿಯಾಗಲು ನಾಲ್ಕು ಗಂಟೆ ಹಿಡಿದರೆ 2000 ಎಂಎಎಚ್ ಅಂತ ಲೆಕ್ಕ.

ತಲೆನೋವು ಶುರುವಾಗಿದ್ದು ಇಲ್ಲಿ. ಒಂದು ಟೆಸ್ಟಿಗೆ ಹೆಚ್ಚುಕಮ್ಮಿ ಹದಿಮೂರು ಗಂಟೆ ಬೇಕು. ಅದಕ್ಕೆ ರಾತ್ರಿ ಎಂಟೂವರೆಗೆ ಎನೆಲೂಪ್ ಹಾಕಿ ಮಲಗಿದೆ. ಬೆಳಿಗ್ಗೆ ಏಳಕ್ಕೆ ನೋಡಿದರೆ ಪರದೆಯಲ್ಲಿ 1130! ಸಾವಿರಕ್ಕೂ ಹೆಚ್ಚು ಕೊಟ್ಟು ತಂದದ್ದೂ ಹೀಗೇನಾ? ವಾಪಸ್ ಕಳಿಸಲು ಪೆಟ್ಟಿಗೆಗೆ ಟೇಪ್ ಕೂಡ ಹಚ್ಚಿದ್ದೆ. ಕಾಫಿ ಕೊಡಲು ಬಂದ ಹೆಂಡತಿ, "ರಾತ್ರಿ ಮೂರೂವರೆಗೆ ಫ್ಯಾನ್ ನಿಂತು ನನಗೆ ನಿದ್ದೆನೇ ಇಲ್ಲ, ನಿಮಗೆ ಗೊತ್ತೇ ಆಗ್ಲಿಲ್ವಾ?" ಅಂದಳು.

ಕರೆಂಟ್ ಹೋಗಿದೆ. ಬಂದ ಮೇಲೆ ಈ ಚಾರ್ಜರ್ ಟೆಸ್ಟನ್ನು ಮುಂದುವರಿಸುವುದಿಲ್ಲ, ಅದು ಮಧ್ಯದಲ್ಲಿ ನಿಂತಿತ್ತು ಅಂತಲೂ ಹೇಳುವುದಿಲ್ಲ. ಸುಮ್ನೆ ಸಾದಾ ಚಾರ್ಜಿಂಗ್ ಶುರು ಮಾಡುತ್ತದೆ. ಅರ್ಧ ಖಾಲಿಯಾಗಿದ್ದ ಸೆಲ್‌ಗೆ ಬೆಳಗಿನ ಜಾವ ಎಷ್ಟು ತುಂಬಿತೋ ಅದರ ಲೆಕ್ಕ ಆ 1130. ಪಕ್ಕದಲ್ಲೇ ಸಣ್ಣಗೆ 2 ಗಂಟೆ 16 ನಿಮಿಷ ಅಂತ ಇತ್ತು, ನಾನೇ ನೋಡಿರಲಿಲ್ಲ. ಒಂದು ವಾರದಲ್ಲಿ ಮೂರು ಟೆಸ್ಟ್ ಹೀಗೆ ಹಾಳಾದವು. ಕೊನೆಗೆ ವೈಫೈ ರೂಟರ್‌ಗೆ ಇಟ್ಟಿದ್ದ ಪುಟ್ಟ ಯುಪಿಎಸ್ ಬಿಚ್ಚಿ ಚಾರ್ಜರ್‌ಗೆ ಸಿಕ್ಕಿಸಿದೆ. ಎರಡಕ್ಕೂ 12 ವೋಲ್ಟೇ ಬೇಕು, ಪಿನ್ನೂ ಕೂತಿತು. ನೀವು ಮಾಡುವುದಾದರೆ ಚಾರ್ಜರ್ ಕೇಳುವಷ್ಟು ಆಂಪಿಯರ್ ಅದು ಕೊಡುತ್ತದಾ ನೋಡಿಕೊಳ್ಳಿ. ಟೆಸ್ಟ್ ನಡೆದ ರಾತ್ರಿಗಳಲ್ಲಿ ಕರೆಂಟ್ ಹೋದರೆ ವೈಫೈಯೂ ಹೋಗುತ್ತಿತ್ತು. ಮಗನ ಬೈಗುಳ ಬೇರೆ.

ಸರಿಯಾದ ಲೆಕ್ಕ ಹೀಗಿದೆ. ಎನೆಲೂಪ್ ನಾಲ್ಕೂ 1950ರಿಂದ 1990ರ ಒಳಗೆ. ಹಸಿರು ಸೆಲ್‌ಗಳಲ್ಲಿ ಒಳ್ಳೆಯದು 640, ಕೆಟ್ಟದ್ದು 410. ನಾಲ್ಕು ಒಂದೇ ಥರ ಇಲ್ಲದಿದ್ದರೆ ದುರ್ಬಲವಾದದ್ದು ಮೊದಲು ಕೈಕೊಡುತ್ತದೆ, ಉಳಿದ ಮೂರನ್ನೂ ಕೂರಿಸುತ್ತದೆ. ಬಿಪಿ ಮಿಷನ್ ನಿಂತದ್ದು ಇದಕ್ಕೇ.

ಗೆಳೆಯನ ಹತ್ತಿರ ಕಪ್ಪು ಎನೆಲೂಪ್ ಪ್ರೋ ಇತ್ತು, ತಂದು ಅಳೆದೆ. 2500 ಅಂತ ಬರೆದಿದೆ, 2440 ಬಂತು. ಆದರೆ ಕಂಪನಿಯೇ ಹೇಳುವಂತೆ ಅದನ್ನು 500 ಸಲ ಚಾರ್ಜ್ ಮಾಡಬಹುದು, ಬಿಳಿಯದನ್ನು 2100 ಸಲ. ಒಂದೇ ಸಲಕ್ಕೆ ಹೆಚ್ಚು ಚಾರ್ಜ್ ಬೇಕಾದ ಕ್ಯಾಮೆರಾ ಫ್ಲ್ಯಾಶ್ ಇರುವವರು ಕಪ್ಪನ್ನು ಕೊಳ್ಳಲಿ.

ಇನ್ನೊಂದು, ಯುಎಸ್‌ಬಿ ತೂತಿರುವ 1.5 ವೋಲ್ಟ್ ಲಿಥಿಯಂ ಸೆಲ್. ಇದನ್ನು ನಿಕ್ಕಲ್ ಸೆಲ್ಲಿನ ಚಾರ್ಜರ್‌ಗೆ ಹಾಕಲೇಬಾರದು, ಹಾಗಾಗಿ ಟಾರ್ಚಿನಲ್ಲಿ ಗಡಿಯಾರ ಇಟ್ಟು ನೋಡಿದೆ. ಎನೆಲೂಪ್‌ಗಿಂತ ಸ್ವಲ್ಪ ಜಾಸ್ತಿ ಹೊತ್ತು ಉರಿಯಿತು, ಬೆಳಕೂ ಕೊನೆವರೆಗೆ ಮಂಕಾಗಲಿಲ್ಲ. ಮೇಲೆ ಬರೆದ 3000 ನೋಡಿ ಮೋಸಹೋಗಬೇಡಿ, ಅದು ಎಂಡಬ್ಲ್ಯೂಎಚ್, ಅಂದರೆ ಎಂಎಎಚ್ ಅನ್ನು ವೋಲ್ಟ್‌ನಿಂದ ಗುಣಿಸಿದ ಲೆಕ್ಕ. 1.5ರಿಂದ ಭಾಗಿಸಿದರೆ 2000 ಎಂಎಎಚ್. ನನಗೆ ಒಗ್ಗದ್ದು ಬೇರೆ ಎರಡು ವಿಷಯ. ಮುಗಿಯುವ ಸೂಚನೆಯೇ ಕೊಡದೆ ಫಕ್ ಅಂತ ಆರುತ್ತದೆ. ಅಮ್ಮನ ರೇಡಿಯೋಗೆ ಹಾಕಿದರೆ ಮೀಡಿಯಂ ವೇವ್‌ನಲ್ಲಿ ವಾರ್ತೆಯ ಜೊತೆ ಜೀರುಂಡೆಯೂ ಕೂಗುತ್ತದೆ. ಒಳಗೆ ವೋಲ್ಟೇಜ್ ಇಳಿಸುವ ಸರ್ಕ್ಯೂಟಿನ ಸದ್ದು ಅದು.

ನಮ್ಮ ಮನೆಯಲ್ಲಿ ಸೆಲ್ ಹಾಕಿದ್ದನ್ನು ಮರೆತುಬಿಡುವುದೇ ರೂಢಿ. ಟಾರ್ಚ್ ಬೇಕಾಗುವುದು ಮಳೆಗಾಲದಲ್ಲಿ ಮಾತ್ರ. ಹಾಗಾಗಿ ಸುಮ್ಮನೆ ಕೂತರೂ ಚಾರ್ಜ್ ಅಷ್ಟಾಗಿ ಸೋರದ ಬಿಳಿಯದೇ ನಮಗೆ ಸರಿ. ಇನ್ನೂ ನಾಲ್ಕು ತರಿಸಿದೆ. ಹಸಿರಿನಲ್ಲಿ 640 ಬಂದದ್ದು ಈಗ ಹಾಲ್‌ನ ಗಡಿಯಾರದಲ್ಲಿದೆ. ಎರಡು ತಿಂಗಳಿಗೊಮ್ಮೆ ಗಡಿಯಾರ ನಿಲ್ಲುತ್ತದೆ, ಅಮ್ಮ ಅದೂ ಕೆಟ್ಟೋಯ್ತು ಅನ್ನುತ್ತಾರೆ.